ನಾಯಿಮರಿ ಹೆಸರಿಗೆ 214 ವೋಟು

ನಮ್ಮ ಮನ್ಯಾಗ ಇರೋವರು ಮೂರೇ ಮಂದಿ. ನಾನು, ನಮ್ಮ ಮನಿಯವರು, 84 ವರ್ಷದ ನಮ್ಮತ್ತಿ. ಮುಂಜಾನೆ ಏಳಕ್ಕ ಬಂದು ಹನ್ನೊಂದಕ್ಕ ಹೋಗೋ ನೀಲವ್ವನ್ನ ಹಿಡದ್ರ ನಾಲ್ಕು. ಇಂಥಾ ಮನಿಗೆ ಹೋದ ದೀಪಾವಳಿಗೆ ಒಂದು ಕರೀ ನಾಯಿಮರಿ ಬಂತು. ಅದರ ಹೆಸರಿಗೆ ಬಿದ್ದ ವೋಟು ಎಷ್ಟು ಗೊತ್ತೇನ್ರಿ? 214!

ಮರಿ ತಂದಾಕಿ ನನ್ನ ಮಗಳು ಪಮ್ಮಿ. ಬೆಂಗಳೂರಾಗ ಅವರ ಅಪಾರ್ಟ್‌ಮೆಂಟಿನ ಕೆಳಗ ಮಳ್ಯಾಗ ನೆನಕೋತ ಕೂತಿತ್ತಂತ. ಮನಿ ಮಾಲಕರು ನಾಯಿ ಸಾಕೋಹಂಗಿಲ್ಲ ಅಂದ್ರು. ಆತಲ್ಲ, ಹುಬ್ಬಳ್ಳ್ಯಾಗ ಅವ್ವನ ಮನಿ ಅದ, ತವರಮನಿ ಅಂದ್ರ ಎಲ್ಲಾ ಹಿಡಸ್ತದ. ಹಬ್ಬಕ್ಕ ಬರೋಮುಂದ ಬುಟ್ಟ್ಯಾಗ ಹಾಕ್ಕೊಂಡು ತಂದು, "ಅವ್ವಾ, ಒಂದೆರಡು ತಿಂಗಳು ಇಟ್ಕೋ" ಅಂತ ಬಿಟ್ಟು ಹೋದ್ಲು. ಮಕ್ಕಳ ಒಂದೆರಡು ತಿಂಗಳು ಅಂದ್ರ ಎಷ್ಟು ಅಂತ ತಾಯಂದ್ರಿಗೆ ಬಿಡಿಸಿ ಹೇಳೋದು ಬ್ಯಾಡ.

ನಾಯಿ ಅಂದಮ್ಯಾಲೆ ಹೆಸರು ಬೇಕು. ಕೂಸಿಗಾದ್ರ ನಮ್ಮ ಕಡೆ ಪದ್ಧತಿ ಅದ. ತೊಟ್ಟಲದಾಗ ಹಾಕಿ, ಸ್ವಾದರತ್ತಿ ಕಿವ್ಯಾಗ ಕುರ್ರ್ ಅಂತ ಊದಿ ಹೆಸರು ಹೇಳ್ತಾಳ, ಹಿಂದಿಂದ ಹುಡುಗ್ರು ಅಕಿ ಬೆನ್ನಿಗೆ ಗುದ್ದತಾವ, ಮುಗೀತು. ನಾಯಿಗೆ ಸ್ವಾದರತ್ತಿ ಎಲ್ಲಿಂದ ತರೋದು? ಅದಕ್ಕ ನನ್ನ ಮಗಾ ಸುಮಂತ, "ಅವ್ವಾ, ಎಲ್ಲಾರನೂ ಕೇಳಿ ಇಡೋಣು, ವೋಟ್ ಹಾಕಸೋಣು" ಅಂತ ನಮ್ಮ ಮನಿತನದ ವಾಟ್ಸಾಪ್ ಗ್ರೂಪಿಗೆ ಒಂದು ಗೂಗಲ್ ಫಾರ್ಮ್ ಕಳಿಸಿದ. ಗ್ರೂಪಿನ್ಯಾಗ ಇರೋವರು 31 ಮಂದಿ. ಅದರಾಗ ಅರ್ಧಾ ಮಂದಿ ಬರೇ ಗುಡ್ ಮಾರ್ನಿಂಗ್ ಹೂವು ಕಳಸವರು. ಎಲ್ಲಾ ಶಾಂತ ಮುಗೀತದ ಅಂತ ನಾನೂ ಹೂಂ ಅಂದೆ.

ನನಗ ಮರತಿದ್ದು ಒಂದ. ನನ್ನ ಮಗಾ ಬೆಂಗಳೂರು ಎಫ್‌ಸಿ ಹುಚ್ಚಾ. ಕಂಠೀರವ ಸ್ಟೇಡಿಯಮ್ಮಿನ ವೆಸ್ಟ್ ಬ್ಲಾಕಿನ್ಯಾಗ ನೀಲಿ ಅಂಗಿ ಹಾಕ್ಕೊಂಡು 90 ನಿಮಿಷ ನಿಂತ ಒದರೋ ಪೈಕಿ. ಅಳಿಯಾ ನಿಖಿಲ್ ಹುಟ್ಟಿ ಬೆಳದದ್ದು ಕೊಚ್ಚಿ ಒಳಗ, ಕೇರಳಾ ಬ್ಲಾಸ್ಟರ್ಸ್ ಅಂದ್ರ ಪ್ರಾಣ. ಅವರದು ಹಳದಿ ಅಂಗಿ. ಬ್ಯಾರೆ ಎಲ್ಲಾ ವಿಷಯದಾಗ ಅಳಿಯಾ ಬಂಗಾರದಂಥಾ ಹುಡುಗ, ನಮ್ಮ ಕೂಡ ಮಾತಾಡಲಿಕ್ಕೆ ಅಂತನ ಕನ್ನಡಾ ಕಲತಾನ, ಝುಣಕಾ ರೊಟ್ಟಿ ಕೇಳಿ ಮಾಡಿಸ್ಕೊಂಡು ತಿಂತಾನ. ಆದ್ರ ಇವರಿಬ್ಬರ ನಡುವ 2023ರ ಮಾರ್ಚ್ 3 ಅನ್ನೋ ತಾರೀಖು ಒಂದು ಮುಳ್ಳಿನ ಬೇಲಿ ಇದ್ದಂಗ.

ಫುಟ್ಬಾಲ್ ನೋಡದವರಿಗೆ ಸ್ವಲ್ಪ ಹೇಳಬೇಕು. ಅವತ್ತು ಐಎಸ್ಎಲ್ ನಾಕೌಟ್ ಮ್ಯಾಚು, ಕಂಠೀರವದಾಗ ಇವೆರಡೂ ಟೀಮು. 90 ನಿಮಿಷ ಆದ್ರೂ ಗೋಲಿಲ್ಲ. ಹೆಚ್ಚಿನ ವ್ಯಾಳ್ಯಾದಾಗ ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ತು. ಬ್ಲಾಸ್ಟರ್ಸ್‌ನವರು ಇನ್ನೂ ಗ್ವಾಡಿ ಕಟ್ಟಿ ನಿಂದ್ರೋದ್ರಾಗ ಸುನಿಲ್ ಚೆಟ್ರಿ ಚೆಂಡು ಒದ್ದು ಗೋಲು ಮಾಡಿಬಿಟ್ಟ. ರೆಫರಿ ಗೋಲು ಅಂದ್ರು. ಬ್ಲಾಸ್ಟರ್ಸ್ ಕೋಚು ತಮ್ಮ ಆಟಗಾರರನ್ನ ಕರಕೊಂಡು ಮೈದಾನಾ ಬಿಟ್ಟು ಹೊರಗ ನಡದ್ರು, ತಿರುಗಿ ಬರಲಿಲ್ಲ. ಮ್ಯಾಚು ಬೆಂಗಳೂರಿಗೆ ಆತು. ಮುಂದ ಫೆಡರೇಶನ್ನಿನವರು ಬ್ಲಾಸ್ಟರ್ಸಿಗೆ 4 ಕೋಟಿ ರೂಪಾಯಿ ದಂಡಾ ಹಾಕಿದ್ರು. ನಮ್ಮ ಮನ್ಯಾಗ ದಂಡಾ ಕಟ್ಟಿದಾಕಿ ಪಮ್ಮಿ. ಮೂರು ತಿಂಗಳು ತಮ್ಮ ಮತ್ತ ಗಂಡ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಇಕಿ ನಡುವ ಟಪಾಲು ಒಯ್ದಂಗ ಒಯ್ಯೋದು, ತರೋದು.

ಈಗ ನಾಯಿಮರಿ. ಸುಮಂತ ಫಾರ್ಮಿನ್ಯಾಗ "ಚೆಟ್ರಿ" ಅಂತ ಬರದ. ಅಳಿಯಾ ನಕ್ಕೋತ "ಕೊಂಬನ್" ಅಂತ ಸೇರಿಸಿದ. ಕೊಂಬನ್ ಅಂದ್ರ ಮಲಯಾಳದಾಗ ಗಂಡಾನಿ, ಬ್ಲಾಸ್ಟರ್ಸಿನ ಗುರುತಿನ್ಯಾಗ ಇರೋ ಆನಿ. ನಮ್ಮವರು "ಮೋತಿ" ಅಂತ ಹಾಕಿದ್ರು. ಒಬ್ಬರಿಗೆ ಒಂದ ವೋಟು ಅನ್ನೋ ಗುಂಡಿ ಒತ್ತೋದು ಸುಮಂತಗ ಮರತಿತ್ತು, ಲಿಂಕು ಯಾರ ಕೈಯಾಗ ಸಿಕ್ರೂ ತೆರೀತಿತ್ತು. ಮೊದಲನೇ ದಿನಾ 19 ವೋಟು. ಎರಡನೇ ದಿನಾ ಮಧ್ಯಾಹ್ನಕ್ಕ 80. ಲಿಂಕು ಒಂದು ಕಡೆ ನೀಲಿ ಗ್ರೂಪಿಗೆ ಹೋಗಿತ್ತು, ಇನ್ನೊಂದು ಕಡೆ ಹಳದಿ ಗ್ರೂಪಿಗೆ. ರಾತ್ರಿ ಮುಗಿಯೋದ್ರಾಗ ಕೊಂಬನ್ 103, ಚೆಟ್ರಿ 97, ಮೋತಿ ಮತ್ತ ಉಳದದ್ದು ಕೂಡಿ 14.

ಸುಮಂತ "ಇದು ಮೋಸ" ಅಂದ. ಅಳಿಯಾ "ನೀ ರೆಫರಿ ಸೀಟಿಗೆ ಕಾಯಬೇಕಿತ್ತು" ಅಂದ. ಅಲ್ಲಿಗೆ 2023 ತಿರುಗಿ ಬಂತು. ಮರುದಿನಾ ಪಮ್ಮಿ ಫೋನ್ ಮಾಡಿ, "ಅವ್ವಾ, ಸಂಕ್ರಾಂತಿಗೆ ನಾವು ಬರೋದಿಲ್ಲ, ನನಗ ಸಾಕಾಗಿ ಹೋಗ್ಯದ" ಅಂತ ಅತ್ಲು. ನಾಯಿಮರಿ ನನ್ನ ಕಾಲ ಮ್ಯಾಲೆ ಮಕ್ಕೊಂಡಿತ್ತು. ಅದಕ್ಕ ಇನ್ನೂ ಹೆಸರಿಲ್ಲ.

ಆ ರಾತ್ರಿ ನಿದ್ದಿ ಬರಲಿಲ್ಲ. ಹಿಂಗ ಹೆಸರಿಗೆ ವೋಟು ಹಾಕಿಸಿ ಕೆಟ್ಟವರು ನಾವೊಬ್ಬರೇ ಏನು ಅಂತ ಮೊಬೈಲಿನ್ಯಾಗ ಹುಡುಕಿದೆ. ಅಯ್ಯ ನಮ್ಮವ್ವಾ, ದೊಡ್ಡ ದೊಡ್ಡ ದೇಶದವರ ಕಥಿನೂ ಇದ ಅದ.

2006ರಾಗ ಹಂಗೇರಿ ಸರ್ಕಾರ ಬುಡಾಪೆಸ್ಟಿನ ಹತ್ರ ಡ್ಯಾನ್ಯೂಬ್ ನದಿಗೆ ಕಟ್ಟಲಿಕ್ಕತ್ತಿದ್ದ ಹೊಸಾ ಸೇತುವಿಗೆ ಹೆಸರು ಹೇಳ್ರಿ ಅಂತ ಇಂಟರ್ನೆಟ್ಟಿನ್ಯಾಗ ವೋಟು ಇಟ್ಟಿತು. ಮೊದಲು ಸಿನಿಮಾದ ಚಕ್ ನಾರಿಸ್ ಹೆಸರು ಮುಂದ ಬಂತು. ಆಮ್ಯಾಲೆ ಅಮೆರಿಕಾದ ಟೀವಿ ವಿನೋದಗಾರ ಸ್ಟೀವನ್ ಕೋಲ್ಬರ್ಟ್ ತನ್ನ ಕಾರ್ಯಕ್ರಮದಾಗ "ನನ್ನ ಹೆಸರಿಗೆ ಹಾಕ್ರಿ" ಅಂದ. ಬಿದ್ದ ವೋಟು 1 ಕೋಟಿ 70 ಲಕ್ಷ. ಹಂಗೇರಿ ದೇಶದ ಜನಾನ ಕೂಡಿಸಿದ್ರ 1 ಕೋಟಿ! ಕಡಿಗೆ ಅವರ ರಾಯಭಾರಿ ಅವನ ಕಾರ್ಯಕ್ರಮಕ್ಕ ಹೋಗಿ, ಸೇತುವಿಗೆ ನಿಮ್ಮ ಹೆಸರು ಇಡಬೇಕಂದ್ರ ನಿಮಗ ಹಂಗೇರಿ ಭಾಷಾ ಚೊಲೋ ಬರಬೇಕು, ಮತ್ತ ನೀವು ಸತ್ತಿರಬೇಕು ಅಂತ ನಗಚಾಟಿಗಿಲೆ ಹೇಳಿ ಬಂದ್ರು. ಸೇತುವಿಗೆ ಮೆಗ್ಯೆರಿ ಅಂತ ಆ ಭಾಗದ ಹೆಸರ ಇಟ್ರು.

2016ರಾಗ ಇಂಗ್ಲಂಡಿನ್ಯಾಗ ಧ್ರುವ ಪ್ರದೇಶಕ್ಕ ಹೋಗೋ ಸಂಶೋಧನಾ ಹಡಗಿಗೆ ಹಿಂಗ ವೋಟು ಕೇಳಿದ್ರು. ಗೆದ್ದದ್ದು "ಬೋಟಿ ಮೆಕ್‌ಬೋಟ್‌ಫೇಸ್". ನಮ್ಮ ಕಡೆ ಹಡಗಿಗೆ "ಹಡಗಪ್ಪ ಹಡಗಮಾರಿ" ಅಂದಂಗ. 1,24,109 ಮಂದಿ ಅದಕ್ಕ ವೋಟು ಹಾಕಿದ್ರು. ಸರ್ಕಾರದವರು ಅದನ್ನ ಬದಿಗಿಟ್ಟು ಹಡಗಿಗೆ ಸರ್ ಡೇವಿಡ್ ಅಟೆನ್‌ಬರೊ ಅಂತ ಹೆಸರಿಟ್ರು. ಬೋಟಿ ಅನ್ನೋ ಹೆಸರನ್ನ ಅದರ ಕೂಡ ಕೆಲಸಾ ಮಾಡೋ, ತಾನ ನೀರಾಗ ಓಡ್ಯಾಡೋ ಒಂದು ಸಣ್ಣ ಯಂತ್ರಕ್ಕ ಕೊಟ್ಟು ಸಮಾಧಾನಾ ಮಾಡಿದ್ರು.

ಹಂಗೇರ್ಯಾಗ ಸೇತುವಿ ದಾಟದವರು ಹೆಸರು ಹೇಳಲಿಕ್ಕೆ ಬಂದ್ರು. ಇಂಗ್ಲಂಡಿನ್ಯಾಗ ಕೇಳಿದವರು ಕೇಳಿಸ್ಕೊಳ್ಳಲಿಲ್ಲ. ಎರಡನೇದ್ದು ನನಗ ಹೆಚ್ಚು ಸಿಟ್ಟು ತರಿಸ್ತು. ಅಟೆನ್‌ಬರೊ ದೊಡ್ಡ ಮನಷ್ಯಾ, ಹೆಸರು ಚೊಲೋನ ಅದ. ಆದ್ರ ಆ ಹೆಸರ ಇಡೋದಿದ್ರ ಮೊದಲ ಇಡಬೇಕಿತ್ತು. "ಏನ ಅಡಗಿ ಮಾಡ್ಲಿ" ಅಂತ ಕೇಳಿ, "ಭಜ್ಜಿ" ಅಂದಮ್ಯಾಲೆ ಉಪ್ಪಿಟ್ಟು ತಂದಿಟ್ರ ಯಾರಿಗರೆ ಸಿಟ್ಟು ಬರ್ತದ. ಕೇಳಲಾರದ ಉಪ್ಪಿಟ್ಟು ಇಟ್ಟಿದ್ರ ಸುಮ್ನ ತಿಂತಿದ್ರು.

ಇನ್ನ ಫುಟ್ಬಾಲಿನವರ ಕಡೆ ಬರ್ತೀನಿ. ಇವರ ಹುಚ್ಚಿಗೆ ನಾ ಬೈಬೇಕಂತನ ಕೂತಿದ್ದೆ. ಓದಿದಂಗ ಓದಿದಂಗ ಬಾಯಿ ಸ್ವಲ್ಪ ಕಟ್ಟಿತು.

ಅಮೆರಿಕಾದ ಸಿಯಾಟಲ್ ಊರಾಗ 2008ರಾಗ ಹೊಸಾ ಫುಟ್ಬಾಲ್ ಟೀಮಿಗೆ ಹೆಸರು ಆರಸ್ರಿ ಅಂತ ಜನರಿಗೆ ಮೂರು ಹೆಸರು ಕೊಟ್ರು. ಆ ಊರಾಗ 1974ರಿಂದ "ಸೌಂಡರ್ಸ್" ಅನ್ನೋ ಹೆಸರಿನ ಟೀಮು ಇತ್ತು, ಅಜ್ಜಂದ್ರು ಮೊಮ್ಮಕ್ಕಳನ್ನ ಕರಕೊಂಡು ಹೋದ ಹೆಸರದು. ಕೊಟ್ಟ ಮೂರರಾಗ ಅದ ಇರಲಿಲ್ಲ. ಜನಾ ಗದ್ದಲಾ ಎಬ್ಬಿಸಿದಮ್ಯಾಲೆ, ಬೇಕಾದ್ದು ನೀವ ಬರೀರಿ ಅಂತ ಒಂದು ಖಾಲಿ ಸಾಲು ಬಿಟ್ರು. 14,500ಕ್ಕೂ ಹೆಚ್ಚು ವೋಟಿನ್ಯಾಗ ಹತ್ರಹತ್ರ ಅರ್ಧಾ ಮಂದಿ ಆ ಖಾಲಿ ಸಾಲಿನ್ಯಾಗ ಸೌಂಡರ್ಸ್ ಅಂತ ಬರದ್ರು. ಮಾಲಕರು ಅದ ಹೆಸರ ಇಟ್ರು. ಇದಕ್ಕ ಹುಚ್ಚು ಅಂತೀರೇನು? ನಾ ಅನ್ನೂದಿಲ್ಲ.

ಇಂಗ್ಲಂಡಿನ ದಕ್ಷಿಣ ದಂಡಿ ಮ್ಯಾಲೆ ಪೋರ್ಟ್ಸ್‌ಮತ್, ಸೌತಾಂಪ್ಟನ್ ಅಂತ ಬಾಜೂಬಾಜೂಕಿನ ಊರು, ನಡುವ ಸುಮಾರು 30 ಕಿಲೋಮೀಟರ್. ಪೋರ್ಟ್ಸ್‌ಮತ್ ಟೀಮಿಂದು ನೀಲಿ, ಸೌತಾಂಪ್ಟನ್ನಿಂದು ಕೆಂಪು-ಬಿಳಿ. ಇವರಿಗೆ ಅವರನ್ನ ಕಂಡ್ರ ಆಗೂದಿಲ್ಲ. ಪೋರ್ಟ್ಸ್‌ಮತ್ತಿನ ಬಂದರದಾಗ 170 ಮೀಟರ್ ಎತ್ತರದ ಸ್ಪಿನ್ನೇಕರ್ ಗೋಪುರ ಅದ, ಹಡಗಿನ ಹಾಯಿ ಗಾಳಿ ತುಂಬಿ ಉಬ್ಬಿದಂಗ ಕಾಣಸ್ತದ. ಮೂರು ನಕ್ಷಾದಾಗ ಇದ ಬೇಕು ಅಂತ ಆರಿಸಿದವರು ಆ ಊರ ಜನಾನ. 2015ರಾಗ ನಗರಸಭೆಯವರು ದುಬೈಯ ವಿಮಾನ ಕಂಪನಿ ಕೂಡ ರೊಕ್ಕದ ಒಪ್ಪಂದಾ ಮಾಡಿಕೊಂಡು, ಗೋಪುರದ ಹೆಸರಿನ ಮುಂದ ಎಮಿರೇಟ್ಸ್ ಅಂತ ಸೇರಿಸಿ, ಬಣ್ಣಾನೂ ಕೆಂಪು-ಬಿಳಿ ಹಚ್ಚತೀವಿ ಅಂದ್ರು. ನಮ್ಮ ಗೋಪುರಕ್ಕ ಸೌತಾಂಪ್ಟನ್ ಬಣ್ಣಾ ಏನು ಅಂತ ಊರು ಎದ್ದು ನಿಂತು, 10,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ರು. ಕಡಿಗೆ ನೀಲಿ ಮತ್ತ ಬಂಗಾರದ ಬಣ್ಣಾ ಹಚ್ಚಿದ್ರು. ತಮಾಷಿ ನೋಡ್ರಿ, ಬಣ್ಣಾ ಬದಲಾತು, ಹೆಸರಿನ ಮುಂದಿನ ಕಂಪನಿ ಆಗ ಹಂಗ ಉಳದಿತ್ತು. ಬಾಜೂ ಊರಿನ ಮ್ಯಾಲಿನ ಸಿಟ್ಟಿನ್ಯಾಗ ಮನಿ ಹೆಸರು ಮಾರಾಟ ಆಗಿದ್ದು ಹಿಂದಕ್ಕ ಸರೀತು ಅಂತ ನನಗ ಅನಸ್ತದ.

ಇನ್ನೊಂದು ನಮ್ಮ ದೇಶದ್ದ ಅದ, ಸುಮಂತನ ಹೊಟ್ಟಿ ಉರಿಸೋ ಅಂಥಾದ್ದು. ಕೋಲ್ಕತ್ತಾದ ಮೋಹನ್ ಬಾಗಾನ್ 1889ರಾಗ ಹುಟ್ಟಿದ ಕ್ಲಬ್ಬು. 1911ರಾಗ ಬರಿಗಾಲಿಲೆ ಆಡಿ ಇಂಗ್ಲೀಷರ ಪಲ್ಟಣದ ಟೀಮನ್ನ ಸೋಲಿಸಿದವರು. 2020ರಾಗ ಎಟಿಕೆ ಅನ್ನೋ ಇನ್ನೊಂದು ಟೀಮಿನ ಕೂಡ ಸೇರಿಸಿ "ಎಟಿಕೆ ಮೋಹನ್ ಬಾಗಾನ್" ಅಂತ ಮಾಡಿದ್ರು. ನೂರಾ ಮೂವತ್ತು ವರ್ಷದ ಹೆಸರಿನ ಮುಂದ ನಿನ್ನೆ ಬಂದವರ ಹೆಸರು! ಅಭಿಮಾನಿಗಳು ಎಟಿಕೆ ತಗೀರಿ, ಎಟಿಕೆ ತಗೀರಿ ಅಂತ ವರ್ಷಗಟ್ಟಲೆ ಒದರಿದ್ರು. ಅವರನ್ನ ಯಾರೂ ವೋಟು ಕೇಳಿರಲಿಲ್ಲ. 2023ರ ಮಾರ್ಚ್ 18ಕ್ಕ ಗೋವಾದಾಗ ಐಎಸ್ಎಲ್ ಫೈನಲ್, ಎದುರಿಗೆ ನಮ್ಮ ಬೆಂಗಳೂರ. ಪೆನಾಲ್ಟಿ ಒಳಗ ಬೆಂಗಳೂರು ಸೋತಿತು. ಗೆದ್ದ ಮ್ಯಾಲೆ ಅವರ ಮಾಲಕರು ಎಟಿಕೆ ತಗದು ಮೋಹನ್ ಬಾಗಾನ್ ಸೂಪರ್ ಜೈಂಟ್ಸ್ ಅಂತ ಮಾಡ್ತೀವಿ ಅಂದ್ರು. ಕಪ್ಪಿಗಿಂತಾ ಆ ಮಾತಿಗೆ ಹೆಚ್ಚು ಮಂದಿ ಕುಣದಿರಬೇಕು ಅಂತ ನನ್ನ ಲೆಕ್ಕ.

ಇಲ್ಲಿಗೆ ಬಂದಮ್ಯಾಲೆ ಮೊಬೈಲು ಕೆಳಗಿಟ್ಟೆ. ಯಾಕಂದ್ರ ನನ್ನದ ಕಥಿ ನೆನಪಾತು.

1988ರಾಗ ನನ್ನ ಮದವಿ ಆತು. ಅಲ್ಲಿ ತನಕಾ ನಾ ಶಾಲಿನಿ. ನಮ್ಮವ್ವ ಶಾಲೂ ಅಂತಿದ್ಲು. ನಮ್ಮ ಮನಿಯವರ ಹೆಸರು ನಾರಾಯಣ, ಹಿಂಗಾಗಿ ಸೊಸಿ ಹೆಸರು ಲಕ್ಷ್ಮೀ ಇರಲಿ ಅಂತ ಅವರ ಮನ್ಯಾಗ ಮಾತಾಗಿತ್ತು. ತಾಟಿನ್ಯಾಗ ಅಕ್ಕಿ ಹರವಿ, ಉಂಗುರದಲೆ ನಮ್ಮವರ ಕೈಯಿಂದ ಹೊಸಾ ಹೆಸರು ಬರಿಸಿದ್ರು. ಎಲ್ಲಾರೂ ಅಕ್ಷತಿ ಹಾಕಿದ್ರು. ನನ್ನ ಯಾರೂ ಕೇಳಲಿಲ್ಲ. ಆಗ ಕೇಳೋ ಪದ್ಧತಿನೂ ಇರಲಿಲ್ಲ ಬಿಡ್ರಿ, ನನಗೂ ಬ್ಯಾಡ ಅನ್ನಬೇಕಂತ ಹೊಳೀಲಿಲ್ಲ. ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಾದ್ರಾಗೂ ಲಕ್ಷ್ಮೀ. ನಮ್ಮವ್ವ ಒಬ್ಬಾಕಿ ಮಾತ್ರ ಕಡೀ ತನಕಾ ಶಾಲೂ ಅಂತಿದ್ಲು. ಅಕಿ ಹೋದಮ್ಯಾಲೆ ಆ ಹೆಸರಿಲೆ ನನ್ನ ಕರಿಯೋವರು ಯಾರೂ ಇಲ್ಲ.

ಮರುದಿನಾ ಚಹಾ ಕುಡಿಯೋಮುಂದ ಇದನ್ನೆಲ್ಲಾ ಮಾತಿಗೆ ಮಾತು ಬಂದು ಹೇಳಿದೆ. ಹೆಸರಿಗೆ ವೋಟು ಹಾಕೋ ಹಕ್ಕು ದಿನಾ ಕರಿಯೋವರಿಗೆ ಅಷ್ಟ ಇರಬೇಕು, ಹಾದ್ಯಾಗ ಹೋಗೋವರಿಗಲ್ಲ ಅಂದೆ. ನಮ್ಮವರು ಪೇಪರ್ ಹಿಂದಿನಿಂದನ, "ಹಂಗಂದ್ರ ನಾವು ಲಕ್ಷ್ಮೀ ಅಂತ ಇಟ್ಟದ್ದೂ ಬರೋಬ್ಬರಿ ಆತು. ದಿನಾ ಕರಿಯೋವರು ನಾವ ಇದ್ವಿ" ಅಂದ್ರು. 37 ವರ್ಷದಾಗ ಅವರು ನನ್ನ ಮಾತು ಇಷ್ಟು ಲಕ್ಷ್ಯ ಕೊಟ್ಟು ಕೇಳಿದ್ದು ಕಡಿಮಿ. ಉತ್ತರಾ ಹೊಳೀಲಿಲ್ಲ.

ಆಗ ನಮ್ಮತ್ತಿ ಚಹಾದ ಬಟ್ಟಲಾ ಕೆಳಗಿಟ್ಟು ಕೇಳಿದ್ರು. "ಲಕ್ಷ್ಮೀ, ನಿನ್ನ ತವರಮನಿ ಹೆಸರು ಏನಿತ್ತ?"

ಶಾಲಿನಿ ಅಂದೆ. "ಹೌದಲ್ಲಾ, ಚೊಲೋನ ಇತ್ತು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನನ್ನದು ಅಂಬಕ್ಕ ಇತ್ತು" ಅಂದ್ರು. 37 ವರ್ಷ ಒಂದ ಮನ್ಯಾಗ ಇದ್ದೀವಿ, ನಾನೂ ಅವರನ್ನ ಯಾವತ್ತೂ ಕೇಳಿರಲಿಲ್ಲ.

ಹಿಂಗಾಗಿ ನನ್ನ ಮಾತು ಸ್ವಲ್ಪ ತಿದ್ದಿಕೊಂಡೀನಿ. ದಿನಾ ಕರಿಯೋವರನ್ನ ಕೇಳಬೇಕು, ಅದು ಖರೆ. ಆದ್ರ ಅವರಿಗಿಂತಾ ಮೊದಲು ಯಾರಿಗೆ ಹೆಸರು ಇಡ್ತೀವೋ ಅವರನ್ನ ಕೇಳಬೇಕು, ಅವರಿಗೆ ಮೊದಲ ಒಂದು ಹೆಸರು ಇದ್ರ ಅದನ್ನ ವಿಚಾರಿಸಬೇಕು. ಸಿಯಾಟಲ್ಲಿನ ಆ ಖಾಲಿ ಸಾಲು ಇರೋದ ಅದಕ್ಕ. ಕೇಳಿದ ಮ್ಯಾಲೆ ಬಂದ ಉತ್ತರಕ್ಕ ತಲಿ ಬಾಗಸಬೇಕು, ಆಗೂದಿಲ್ಲ ಅಂದ್ರ ಕೇಳಲಿಕ್ಕೇ ಹೋಗಬಾರದು.

ಮತ್ತ ಫುಟ್ಬಾಲಿನ ಹುಡುಗರಿಗೆ ಒಂದು ಮಾತು. ನಿಮ್ಮ ಮನಿ ಹೆಸರು ಉಳಸಲಿಕ್ಕೆ ನೀವು ಸಾವಿರ ವೋಟು ಕೂಡಿಸ್ರಿ, ನಾನೂ ಒಂದು ಹಾಕ್ತೀನಿ. ಆದ್ರ ಬಾಜೂ ಮನಿಯವರ ಹೆಸರು ಕೆಡಸಲಿಕ್ಕೆ ಕೂಡಿಸಿದ ವೋಟು ವೋಟಲ್ಲ, ಅದು ಕಂಪೌಂಡಿನ ಮ್ಯಾಲಿಂದ ಒಗದ ಕಸಾ. ಸುಮಂತಗ ಚೆಟ್ರಿ ಮ್ಯಾಲಿನ ಪ್ರೀತಿ ಇತ್ತು ಅಂದ್ರ ಮೊದಲಿನ 19 ವೋಟಿಗೆ ಸುಮ್ನಿರತಿದ್ದ. ಆಮ್ಯಾಲೆ ಬಂದದ್ದು ಕೊಂಬನ್ ಬರಬಾರದು ಅನ್ನೋ ಹಟಾ. ಅಳಿಯಂದೂ ಅಷ್ಟ. ಆ 200 ಮಂದ್ಯಾಗ ಒಬ್ಬರರೆ ಆ ಮರಿಗೆ ಒಂದು ದಿನಾ ಹಾಲು ಹಾಕ್ತಾರೇನು?

ಇಷ್ಟೆಲ್ಲಾ ಗ್ರೂಪಿನ್ಯಾಗ ಬರೀಬೇಕಂತ ಹಿತ್ತಲದಾಗ ಕೂತು ಟೈಪ್ ಮಾಡಲಿಕ್ಕತ್ತಿದ್ದೆ. ನೀಲವ್ವ ಭಾಂಡೆ ತಿಕ್ಕಿ ಎದ್ದು, "ಕರ್ಯಾ, ಬಾರಲೇ" ಅಂದ್ಲು. ತುಳಸಿಕಟ್ಟಿ ಹಿಂದಿನಿಂದ ನಾಯಿಮರಿ ಬಾಲಾ ಅಲ್ಲಾಡಿಸ್ಕೋತ ಓಡಿ ಬಂತು.

"ಯಾವಾಗಿಂದ ಹಿಂಗ ಕರೀತಿ ನೀಲವ್ವ?" ಅಂದೆ.

"ಬಂದ ದಿನದಿಂದ ಬಾಯಾರ. ನೀವು ಏನ್ ಇಟ್ಟೀರಿ ನನಗ ಗೊತ್ತಿಲ್ರಿ. ಕರೀ ಐತಿ, ಕರ್ಯಾ ಅಂದೆ, ಬಂತು."

ನೀಲವ್ವ ನಮ್ಮ ವಾಟ್ಸಾಪ್ ಗ್ರೂಪಿನ್ಯಾಗ ಇಲ್ಲ. ಅಕಿಗೆ ಫಾರ್ಮ್ ಕಳಿಸಬೇಕಂತ 31 ಮಂದ್ಯಾಗ ಯಾರಿಗೂ ಹೊಳೀಲಿಲ್ಲ, ನನಗೂ. ದಿನಾ ಅದಕ್ಕ ರೊಟ್ಟಿ ಮುರದು ಹಾಕೋಕಿ ಅಕಿ.

ಬರದಿದ್ದೆಲ್ಲಾ ಅಳಿಸಿ, ನೀಲವ್ವ ಕರಿಯೋದನ್ನ ಒಂದು ವಿಡಿಯೋ ಮಾಡಿ ಗ್ರೂಪಿಗೆ ಹಾಕಿದೆ. ಹಿಂದ ಸುಮಂತನ ಹೆಸರು, ಅಳಿಯನ ಹೆಸರೂ ಕೂಗಿ ನೋಡಿದೆ. ಚೆಟ್ರಿ ಅಂದ್ರ ಕಿವಿ ಸುದ್ದಾ ಅಲ್ಲಾಡಿಸಲಿಲ್ಲ, ಕೊಂಬನ್ ಅಂದ್ರ ಆಕಳಿಸ್ತು. ಮೊದಲು ನಕ್ಕ ಇಮೋಜಿ ಕಳಿಸಿದವ ಅಳಿಯಾ. ಸುಮಂತ ಎರಡು ತಾಸು ತಡದು, "ಪೆನಾಲ್ಟಿ ಒಳಗ ನೀಲವ್ವ ಗೆದ್ಲು" ಅಂತ ಬರದ. ರಾತ್ರಿ ಪಮ್ಮಿ ಫೋನು ಬಂತು, ಸಂಕ್ರಾಂತಿಗೆ ನಾಲ್ಕು ದಿನಾ ಮೊದಲ ಬರ್ತೀವಿ, ಮಾದಲಿ ಮಾಡು ಅಂತ. ಇಬ್ಬರ ನಡುವಿನ ಬೇಲಿ ಪೂರಾ ಕಿತ್ತು ಹೋತು ಅಂತ ನಾ ಹೇಳೂದಿಲ್ಲ, ಮುಂದಿನ ಮ್ಯಾಚು ಇದ್ದ ಅದ.

ನಿನ್ನೆ ಲಸಿಕಿ ಹಾಕಸಲಿಕ್ಕೆ ದನದ ದವಾಖಾನಿಗೆ ಒಯ್ದಿದ್ದೆ. ಚೀಟಿ ಬರಿಯೋ ಹುಡುಗ ಹೆಸರೇನ್ರಿ ಅಂದ. ಕರಿಯಾ ಅಂತ ಬರಕೋಪಾ ಅಂದೆ. "ನಾಯಿದಾತು, ನಿಮ್ಮದು?" ಅಂದ.

ಒಂದು ಕ್ಷಣಾ ತಡದೆ. ಆಮ್ಯಾಲೆ ಶಾಲಿನಿ ಅಂತ ಬರಿಸಿದೆ. ಬ್ಯಾಂಕಿನ ಪಾಸ್‌ಬುಕ್ಕಲ್ಲಲ್ಲ, ನಾಯಿ ಚೀಟಿ, ಯಾರು ಕೇಳ್ತಾರ?